ಎರಡು ಸೆಕೆಂಡಿನ ಲೆನ್ಸು

ಮಾರ್ಚ್ 3

ಲೆನ್ಸುಗಳ ಹೊಟ್ಟೆ ಬಗೆದು ತನ್ನ ಹೊಟ್ಟೆ ಹೊರೆಯುವ ನನ್ನ ಏಕೈಕ ಅಕ್ಕನ ಸನ್ನಿಧಾನಕ್ಕೆ, ತಮ್ಮನಾದ ಕಪಿಯು ಮೊಣಕಾಲೂರಿ ಸಲ್ಲಿಸುವ ಅರ್ಜಿ.

ಫೋನಿನಲ್ಲಾದರೆ ಮೂರನೇ ನಿಮಿಷಕ್ಕೆ ನಾವಿಬ್ಬರೂ ಕಚ್ಚಾಡುತ್ತೇವೆಂದು ಅಮ್ಮನ ಸಮಕ್ಷಮದಲ್ಲಿ ಆದ ಒಪ್ಪಂದದಂತೆ ಇದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಸದರಿ ಒಪ್ಪಂದದ ಎರಡನೇ ಕಲಮಿನ ಪ್ರಕಾರ ನೀನು ಬೈಯುವುದಿದ್ದರೂ ಪೂರ್ಣ ವಾಕ್ಯಗಳಲ್ಲೇ ಬೈಯತಕ್ಕದ್ದು.

ಸಮಾಚಾರ ಏನೆಂದರೆ ಪತ್ರಿಕೆಯಲ್ಲಿ ನನಗೆ ಬಡ್ತಿ. ನಾಲ್ಕು ತಿಂಗಳು ಬಹುಮಾನ ಕೊಡುವವರ ಕೈ, ತೆಗೆದುಕೊಳ್ಳುವವರ ಹಲ್ಲು ಇಷ್ಟನ್ನೇ ಹಿಡಿಯುತ್ತಿದ್ದವನನ್ನು ಬಾಕ್ಸಿಂಗಿಗೆ ಹಾಕಿದ್ದಾರೆ. ಇದು ಬಡ್ತಿಯಲ್ಲ, ಶಿಕ್ಷೆ ಎನ್ನುವವರೂ ಇದ್ದಾರೆ. ‘ಕಾಣೆಯಾಗಿದ್ದಾರೆ’ ಅಂಕಣದ ಕರಡಿನಲ್ಲಿ ಚಿತ್ರ ಸಂಪಾದಕರ ಫೋಟೊ ಅಂಟಿಸಿ, ‘ಸ್ವಭಾವ: ಸಿಡಿಮಿಡಿ. ಸಿಕ್ಕಿದಲ್ಲಿ ದಯವಿಟ್ಟು ತಿಳಿಸಬೇಡಿ’ ಎಂದು ಬರೆದ ಮಹಾಶಯ ಯಾರೆಂದು ಅವರಿಗೆ ಹೇಗೋ ತಿಳಿದುಹೋಯಿತು.

ನಿನ್ನೆ ಮೊದಲ ಪಂದ್ಯ. ಟಿವಿಯಲ್ಲಿ ಹೊಡೆತಕ್ಕೆ ನಿಜವಾದ ಸದ್ದೇ ಇರುವುದಿಲ್ಲ ಅಕ್ಕ. ಹಗ್ಗದ ಪಕ್ಕದಲ್ಲಿ ಕೂತರೆ ಒದ್ದೆ ಗೋಣಿಚೀಲವನ್ನು ಗೋಡೆಗೆ ಅಪ್ಪಳಿಸಿದ ಹಾಗೆ ಕೇಳುತ್ತದೆ. ನೀಲಿ ಚಡ್ಡಿಯವನ ಹುಬ್ಬು ಬಾಯಿ ತೆರೆದಂತೆ ಸೀಳಿಕೊಂಡಿತು. ಮೂರು ಹನಿ ರಕ್ತ ನೇರವಾಗಿ ನನ್ನ ಲೆನ್ಸಿನ ಮೇಲೆ. ನಾನು ಗುಂಡಿ ಒತ್ತಿದ್ದೂ ಆಗಲೇ. ಆದರೆ ಆಫೀಸಿನ ಮುದಿ ಲೆನ್ಸು ಅಷ್ಟು ಹೊತ್ತಿಗೆ ರೆಫರಿಯ ಬೆನ್ನಿಗೆ ಫೋಕಸ್ ಮಾಡಿಕೊಂಡು, ಅವನ ಅಂಗಿಯ ಹೊಲಿಗೆ ಸಮೇತ ಹಿಡಿದು ಕೊಟ್ಟಿತು.

ಆದ್ದರಿಂದ ಅರ್ಜಿ. ಆಫೀಸು ನನಗೊಂದು ಹೊಸ ಲೆನ್ಸು ಕೊಡಿಸುತ್ತದಂತೆ. ಒಂದೇ. ಎರಡು ವರ್ಷ ಬದಲಿಸುವಂತಿಲ್ಲ. ಅಂಗಡಿಯಲ್ಲಿ ಎರಡಿವೆ. ಒಂದರ ಮೋಟಾರು ಮಿಂಚು. ಹತ್ತಿರದ ತುದಿಯಿಂದ ದೂರದ ತುದಿಗೆ ಕಾಲು ಸೆಕೆಂಡಿನಲ್ಲಿ ಓಡುತ್ತದೆ. ಇನ್ನೊಂದರ ಗಾಜು ಭಾರ, ಬಣ್ಣ ಬಲು ಚೆನ್ನ. ಆದರೆ ಅಷ್ಟೇ ದೂರ ಓಡಲು ಎರಡು ಸೆಕೆಂಡು, ಊಟವಾದ ಮೇಲೆ ಮೆಟ್ಟಿಲು ಹತ್ತುವ ದಪ್ಪ ಮನುಷ್ಯನ ಹಾಗೆ. ಫೋಕಸಿನ ವೇಗ ಅಷ್ಟು ಮುಖ್ಯವೇ? ನೀನು ಯಾವುದು ಎನ್ನುತ್ತೀಯೋ ಅದು. ನಿನ್ನ ಮಾತಿನ ಮೇಲೆ ಮೇಲ್ಮನವಿ ಇಲ್ಲ.

ಇತಿ ವಿಧೇಯ,
ಕಪಿ


ಮಾರ್ಚ್ 9

ಲೇ ಕಪಿ,

ಎರಡನೆಯದು ತಗೋ. ನಿಧಾನದ್ದು.

ಫೋಕಸಿನ ವೇಗ ಎನ್ನುವುದು ಅಂಗಡಿಯವನು ಕಪಾಟಿನ ಮುಂದೆ ಝುಂಯ್ ಅನ್ನಿಸಿ ತೋರಿಸಲಿಕ್ಕೆ ಇರುವುದು. ರಿಪೇರಿಗೆಂದು ನನ್ನ ಮೇಜಿಗೆ ಬಂದು ಬೀಳುವ ಸತ್ತ ಲೆನ್ಸುಗಳಲ್ಲಿ ಅರ್ಧಕ್ಕರ್ಧ ಆ ಮಿಂಚಿನ ಮೋಟಾರುಗಳೇ. ಗಾಜು ನೂರು ವರ್ಷ ಬಾಳುತ್ತದೆ. ಮುಖ, ಹೂವು, ಕಟ್ಟಡ, ಸಭೆ, ಇವಕ್ಕೆಲ್ಲ ಎರಡು ಸೆಕೆಂಡು ಧಾರಾಳ. ಬಾಕ್ಸಿಂಗಿನಲ್ಲಿ ನಾಲ್ಕು ಚಿತ್ರ ಕೆಟ್ಟರೆ ಸಂಪಾದಕರು ನಿನ್ನನ್ನು ಬೇರೆ ಕೆಲಸಕ್ಕೆ ಹಾಕುತ್ತಾರೆ. ಅದೇನೂ ಪ್ರಪಂಚ ಮುಳುಗುವ ವಿಷಯವಲ್ಲ.

ಬೆಳಗಿನ ಚಳಿಗೆ ಎಡಗೈ ಬಿಗಿದುಕೊಂಡಿದೆ, ಕಾಗದ ಒತ್ತಿ ಹಿಡಿಯಲೂ ಆಗುತ್ತಿಲ್ಲ, ಹೆಚ್ಚು ಬರೆಯಲಾರೆ. ಕಾರಿನ ಬಾಗಿಲಿಗೂ ನನ್ನ ಬೆರಳಿಗೂ ಆರು ವರ್ಷದ ಹಿಂದೆ ಆದ ಜಗಳ ಇನ್ನೂ ರಾಜಿಯಾಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಮಾರ್ಚ್ 27

ಪರಮಪೂಜ್ಯ ಅಕ್ಕನಿಗೆ,

ನಿನ್ನ ಲೆನ್ಸಿನ ಪ್ರತಾಪ ಕೇಳು. ಮೊದಲ ಮೂರು ಪಂದ್ಯದಲ್ಲಿ ಹಗ್ಗ, ಗಂಟೆ, ಮುಂದಿನ ಸಾಲಿನ ಒಬ್ಬ ಬೋಳುತಲೆಯವರು, ಇವರೆಲ್ಲ ಅದ್ಭುತವಾಗಿ ಬಂದರು. ಬಾಕ್ಸರುಗಳು ಬರಲಿಲ್ಲ. ಸಂಪಾದಕರು ನನ್ನನ್ನು ಕೂರಿಸಿಕೊಂಡು, “ಏನಯ್ಯಾ, ಹೊಡೆದಾಟ ಮುಗಿದ ಮೇಲೆ ಬಂದ ಪೊಲೀಸರ ಥರ ಇದೆಯಲ್ಲ ನಿನ್ನ ಲೆನ್ಸು” ಎಂದರು.

ಆಮೇಲೆ ನನಗೆ ಬುದ್ಧಿ ಬಂತು. ನೀನು ಬೇಕೆಂದೇ ಇದನ್ನು ಕೊಡಿಸಿದ್ದೀಯ. ಗುರುವಾದವಳು ನೇರವಾಗಿ ಹೇಳದೆ ಪಾಠ ಕಲಿಸುತ್ತಿದ್ದೀಯ. ಮೋಟಾರಿನ ಹಂಗೇ ಬೇಡ ಎಂದು ಅದನ್ನು ಆಫ್ ಮಾಡಿಬಿಟ್ಟೆ. ಏಟು ಎಲ್ಲಿ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕಿ, ಆ ಜಾಗಕ್ಕೆ ಕೈಯಿಂದಲೇ ಫೋಕಸ್ ತಿರುಗಿಸಿಟ್ಟು, ಉಸಿರು ಬಿಗಿಹಿಡಿದು ಕೂರುವುದು. ಮುಖ ತಾನಾಗಿ ಅಲ್ಲಿಗೆ ಬರುತ್ತದೆ. ಆದರೆ ಇದಕ್ಕೆ ತೀರಾ ಹತ್ತಿರ ಇರಬೇಕು, ಕದಲಬಾರದು.

ನಿನ್ನೆ ಸಿಕ್ಕಿತು. ಮೂಗು ಕೆನ್ನೆಯವರೆಗೆ ಮಡಿಚಿಕೊಂಡಿದೆ, ಹಲ್ಲಿನ ಕವಚ ಗಾಳಿಯಲ್ಲಿದೆ, ಬೆವರಿನ ಒಂದೊಂದು ಹನಿಯೂ ಬೇರೆ ಬೇರೆ. ಮುಂದಿನ ಕ್ಷಣ ಆ ಮನುಷ್ಯ ನನ್ನ ತೊಡೆಯ ಮೇಲೇ ಬಂದು ಬಿದ್ದ. ಮೂಗಿನಿಂದ ಗುಳ್ಳೆ ಬರುತ್ತಿತ್ತು. ಮೊದಲ ಪುಟ, ಆರು ಅಂಕಣ. ಸಂಪಾದಕರು ನಕ್ಕರು, ಅವರು ನಗುವುದನ್ನು ಆಫೀಸಿನಲ್ಲಿ ಯಾರೂ ಕಂಡಿರಲಿಲ್ಲವಾದ್ದರಿಂದ ಏನೋ ಆಯಿತೆಂದು ಒಬ್ಬರು ಅವರಿಗೆ ನೀರು ತಂದುಕೊಟ್ಟರು.

ಬಹುಮಾನವಾಗಿ ನಾಳೆಯಿಂದ ಬಂದರಿನ ಗೇಟಿಗೆ. ಅಲ್ಲಿ ಕ್ರೇನ್ ಓಡಿಸುವವರ ಮುಷ್ಕರ. ಕಂಪನಿಯವರು ಕಬ್ಬಿಣದ ಪೈಪು ಹಿಡಿದ ಕಾವಲುಗಾರರನ್ನು ತಂದಿದ್ದಾರೆ. “ಹತ್ತಿರ ನಿಂತು ಹೆದರದೆ ಹಿಡಿಯೋನು ನೀನೇ” ಎಂದರು ಸಂಪಾದಕರು. ಎಲ್ಲ ನಿನ್ನ ಕೃಪೆ.

ಕಪಿ


ಮಾರ್ಚ್ 31

ಕಪಿ,

ಕಾಗದ ಇವತ್ತು ಸಿಕ್ಕಿತು. ನಾನು ಯಾವ ಪಾಠವನ್ನೂ ಕಲಿಸಿಲ್ಲ.

ಗೇಟಿನ ಹತ್ತಿರ ನಿಲ್ಲಬೇಡ. ಬಂದರು ಅಂದರೆ ಸುತ್ತ ತಂತಿಬೇಲಿ ಇದ್ದೇ ಇರುತ್ತದೆ. ನೀನು ಬೇಲಿಯ ಈಚೆ, ಅವರು ಆಚೆ. ಕಡಿಮೆಯೆಂದರೆ ನಲವತ್ತು ಹೆಜ್ಜೆ ದೂರ. ಆ ಲೆನ್ಸು ದೂರದ್ದನ್ನು ಚೆನ್ನಾಗಿಯೇ ಎಳೆಯುತ್ತದೆ. ಹತ್ತಿರ ಹೋಗುವುದು ಧೈರ್ಯವಲ್ಲ, ಸೋಮಾರಿತನ. ಇದನ್ನು ಅಕ್ಕನ ಮಾತು ಎಂದು ಬೇಕಾದರೂ ತಗೋ, ಲೆನ್ಸು ಬಿಚ್ಚುವವಳ ಮಾತು ಎಂದು ಬೇಕಾದರೂ ತಗೋ.

ಬೇಲಿ ಮರೆಯಬೇಡ.

ಅಕ್ಕ


ಏಪ್ರಿಲ್ 12

ಅಕ್ಕ,

ಈ ಕಾಗದವನ್ನು ‘ಘನತೆವೆತ್ತ’ ಎಂದು ಶುರು ಮಾಡಿ ಎರಡು ಸಲ ಹರಿದೆ.

ನೀನು ಹೇಳಿದಂತೆಯೇ ನಿಂತಿದ್ದೆ. ಗೇಟಿನ ಮುಂದಿನ ಅಂಗಳಕ್ಕೂ ತಂತಿಬೇಲಿ ಇದೆ; ಗೇಟು, ಮುಷ್ಕರದವರು ಎಲ್ಲ ಅದರ ಆಚೆ, ನಾನು ಈಚೆ. ಬೇಲಿಯಿಂದ ಎರಡು ಹೆಜ್ಜೆ ಹಿಂದೆ, ಗೇಟಿಗೆ ನಲವತ್ತು ಹೆಜ್ಜೆ. ಹೆಜ್ಜೆ ಹಾಕಿ ಅಳೆದಿದ್ದೆ ಕೂಡ. ಮುಷ್ಕರದ ಒಂಬತ್ತನೇ ದಿನ, ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ನಿಮಿಷ. ದಿನಾ ನನ್ನನ್ನು ರೇಗಿಸುತ್ತಿದ್ದ ಒಬ್ಬ ಕ್ರೇನಿನವರಿದ್ದರು. ಕಿತ್ತಳೆ ಬಣ್ಣದ ಹೆಲ್ಮೆಟ್ಟು. “ಏನಪ್ಪಾ ಫೋಟೊ, ನನ್ನ ಎಡಗಡೆಯಿಂದ ತೆಗಿ, ಬಲಗಡೆ ನಮ್ಮತ್ತೆಯ ಮುಖ ಕಾಣುತ್ತೆ” ಎನ್ನುತ್ತಿದ್ದರು.

ಕಾವಲುಗಾರರು ಗೇಟು ತೆಗೆದು ಒಮ್ಮೆಲೇ ನುಗ್ಗಿದರು. ಎಲ್ಲರೂ ಓಡಿದರು. ಇವರು ಎಡವಿ ಬಿದ್ದರು, ಹೆಲ್ಮೆಟ್ಟು ಉರುಳಿಹೋಯಿತು. ಕಾವಲುಗಾರರ ಮುಖಂಡ ಇವರ ಎದೆಯ ಮೇಲೆ ಬೂಟಿಟ್ಟು ನಿಂತ. ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಹೊಡೆದ. ಮೊದಲ ಏಟಿಗೆ ಇವರು ಕೈ ಅಡ್ಡ ಹಿಡಿದರು, ಕೈ ಮಧ್ಯದಲ್ಲಿ ಮಡಿಚಿತು. ಎರಡನೆಯದು ದವಡೆಗೆ. ಮೂರನೆಯದರಿಂದ ತಲೆಗೆ. ಏಳು ಏಟು ಅಕ್ಕ. ಐದರ ನಂತರ ಸದ್ದು ಬದಲಾಯಿತು. ಗಟ್ಟಿ ಏನೂ ಉಳಿದಿರಲಿಲ್ಲ. ಕಾಲು ಮಾತ್ರ ಸ್ವಲ್ಪ ಹೊತ್ತು ನೆಲ ಒದೆಯಿತು.

ನಾನು ಅಷ್ಟು ಹೊತ್ತೂ ಗುಂಡಿ ಒತ್ತುತ್ತಿದ್ದೆ. ಲೆನ್ಸು ಗೊರ್ ಎಂದು ಅವನ ಕಡೆ ಹೋಗುತ್ತಿತ್ತು, ಗೊರ್ ಎಂದು ಬೇಲಿಗೆ ವಾಪಸ್ಸು ಬರುತ್ತಿತ್ತು. ಬೇಲಿಗೆ ಬಂದಾಗಲೇ ಫೋಕಸ್ ಸಿಕ್ಕಿತೆಂದು ತಿಳಿದು ಚಿತ್ರ ತೆಗೆಯುತ್ತಿತ್ತು. ಮೋಟಾರು ಆಫ್ ಮಾಡಬೇಕಿತ್ತು. ಬೆರಳಿಗೆ ಅದು ನೆನಪಾಗಲಿಲ್ಲ. ಹನ್ನೊಂದು ಚಿತ್ರ. ಹನ್ನೊಂದರಲ್ಲೂ ತಂತಿಯ ತುಕ್ಕು ಎಣಿಸಬಹುದು. ಹಿಂದೆ ಒಂದು ಕಪ್ಪು ಗುಡ್ಡೆ, ಎತ್ತಿದ ಏನೋ ಒಂದು.

ನಾನು ಅವನ ಮುಖ ಕಂಡಿದ್ದೇನೆ. ಚಿತ್ರದಲ್ಲಿ ಮುಖವಿಲ್ಲ. ಇನ್ಸ್‌ಪೆಕ್ಟರು ನೋಡಿ, “ಬೇಲಿ ಚೆನ್ನಾಗಿ ಬಂದಿದೆ, ಕಂಪನಿಯವರಿಗೆ ಮಾರು” ಎಂದರು. ಹತ್ತಿರ ಇದ್ದ ಕೆಲಸಗಾರರು ಯಾರೂ ಬಾಯಿ ಬಿಡುತ್ತಿಲ್ಲ. ಸತ್ತವರ ಹೆಂಡತಿ ಆಫೀಸಿಗೆ ಬಂದು ಹನ್ನೊಂದನ್ನೂ ನೋಡಿದರು. “ಇದರಲ್ಲಿ ನಮ್ಮನೆಯವರು ಯಾವುದು” ಎಂದು ಕೇಳಿದರು. ನಾನು ಬೆರಳು ತೋರಿಸಿದೆ.

ಒಂದೇ ಪ್ರಶ್ನೆ. ಬೇಗದ ಲೆನ್ಸಾಗಿದ್ದರೆ ಸಿಗುತ್ತಿತ್ತೇ? ನಿಜ ಹೇಳು.


ಏಪ್ರಿಲ್ 15

ಪುಟ್ಟಾ,

ಸಿಗುತ್ತಿರಲಿಲ್ಲ. ನಡುವೆ ಬೇಲಿ ಇದ್ದರೆ ಯಾವ ಲೆನ್ಸಾದರೂ ಬೇಲಿಯನ್ನೇ ಹಿಡಿಯುತ್ತದೆ. ನಿನ್ನ ತಪ್ಪಿಲ್ಲ. ಲೆನ್ಸಿನ ತಪ್ಪೂ ಇಲ್ಲ.

ರಜೆ ಹಾಕಿ ಇಲ್ಲಿಗೆ ಬಾ. ಮೇಲಿನ ಕೋಣೆ ಖಾಲಿಯೇ ಇದೆ. ಒಂದು ತಿಂಗಳು ನನ್ನ ಜೊತೆ ತಿರುಪು ಬಿಚ್ಚುತ್ತಾ ಕೂತಿರು. ಗೇಟಿನ ಕಡೆ ಮತ್ತೆ ಹೋಗಬೇಡ.

ಕಾಯುತ್ತಿರುತ್ತೇನೆ.

ಅಕ್ಕ


ಮೇ 6

ಮಾನ್ಯರೇ,

ತಮ್ಮ ಏಪ್ರಿಲ್ 15ರ ಪತ್ರಕ್ಕೆ ಉತ್ತರಿಸಲು ಮೂರು ವಾರ ಹಿಡಿದದ್ದಕ್ಕೆ ಕ್ಷಮೆಯಿರಲಿ. ಈ ನಡುವೆ ಒಂದು ಪರೀಕ್ಷೆ ಕೈಗೊಳ್ಳಲಾಯಿತು. ಅದರ ವರದಿಯನ್ನು ಒಪ್ಪಿಸುತ್ತಿದ್ದೇನೆ.

ಸ್ಥಳ: ಲೆನ್ಸಿನ ಅಂಗಡಿಯ ಹಿತ್ತಲು. ಅಲ್ಲಿಯೂ ತಂತಿಬೇಲಿ ಇದೆ. ಅಂಗಡಿಯವನು ನಲವತ್ತು ಹೆಜ್ಜೆ ದೂರದಲ್ಲಿ ಒಂದು ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹಳೇ ಹಾಸಿಗೆಯ ಮೇಲೆ ಏಳು ಸಲ ಬೀಸತಕ್ಕದ್ದೆಂದು ಏರ್ಪಾಡಾಯಿತು. ಅವನು ಮೊದಲಿಗೆ ನಕ್ಕ. ಮೂರನೇ ಏಟಿಗೆ ನಗು ನಿಂತಿತು, ಯಾಕೆಂದು ಅವನಿಗೇ ತಿಳಿಯಲಿಲ್ಲ.

ತಮ್ಮ ನಿಧಾನದ ಲೆನ್ಸಿನಲ್ಲಿ ಹನ್ನೊಂದು ಚಿತ್ರ: ಹನ್ನೊಂದೂ ಬೇಲಿ. ಬೇಗದ ಲೆನ್ಸಿನಲ್ಲಿ ಹನ್ನೊಂದು: ಎರಡು ಬೇಲಿ, ಒಂಬತ್ತು ಮುಖ. ತಪ್ಪಿದರೂ ಅದು ಕಾಲು ಸೆಕೆಂಡಿನಲ್ಲಿ ತಿದ್ದಿಕೊಳ್ಳುತ್ತದೆ. ಅಂಗಡಿಯವನ ಮೀಸೆಯಲ್ಲಿದ್ದ ಬ್ರೆಡ್ಡಿನ ಚೂರು ಕೂಡ ಬಂದಿದೆ.

ಇದು ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷದಿಂದ ಲೆನ್ಸು ಬಿಚ್ಚುವ ತಮಗೆ ಗೊತ್ತಿತ್ತು. ನಿಧಾನದ್ದು ತಗೋ ಎಂದವರು ತಾವು. ಬೇಲಿಯ ಹಿಂದೆ ನಿಲ್ಲು ಎಂದವರೂ ತಾವು. ಸಿಗುತ್ತಿರಲಿಲ್ಲ ಎಂದವರೂ ತಾವೇ.

ಅನುಮಾನದ ಮೇಲೆ ಹಿಡಿದಿದ್ದ ಮುಖಂಡ, ಸಾಕ್ಷಿ ಸಾಲದೆಂದು ಬಿಡುಗಡೆಯಾಗಿ ಮೊನ್ನೆಯಿಂದ ಮತ್ತೆ ಗೇಟಿನಲ್ಲಿದ್ದಾನೆ. ಪೈಪೂ ಅದೇ. ನಾಳೆ ನಾನು ಬೇಲಿ ದಾಟಿ ಹೋಗುತ್ತೇನೆ. ಆರು ಹೆಜ್ಜೆಗೆ ಫೋಕಸ್ ಇಟ್ಟು, ಮೋಟಾರು ಆಫ್ ಮಾಡಿ ನಿಲ್ಲುತ್ತೇನೆ. ಈ ಸಲ ಎತ್ತಿದ ಪೈಪಿನ ಜೊತೆ ಮುಖವೂ ಬರಬೇಕು. ತಾವು ಕೊಡಿಸಿದ ಲೆನ್ಸಿಗೆ ಅದೊಂದೇ ದಾರಿ.

ತಮ್ಮ ವಿಶ್ವಾಸಿ


ಮೇ 8

ಪುಟ್ಟಾ,

ಹನ್ನೆರಡು ಸಲ ಫೋನು ಮಾಡಿದೆ. ಒಪ್ಪಂದ ಹಾಳಾಗಿ ಹೋಗಲಿ, ಎತ್ತು. ನಿನ್ನ ಕಾಗದ ಬರುವ ಹೊತ್ತಿಗೆ ‘ನಾಳೆ’ ಆಗಿಹೋಗಿದೆ. ಸಂಜೆಯ ತನಕ ನೋಡಿ ನಿನ್ನ ಆಫೀಸಿಗೆ ಫೋನು ಮಾಡುತ್ತೇನೆ. ಈ ಕಾಗದ ನಿನಗೆ ಯಾವಾಗ ಸಿಗುತ್ತದೋ, ಯಾವ ಸ್ಥಿತಿಯಲ್ಲಿ ಸಿಗುತ್ತದೋ.

ನನ್ನ ಬೆರಳಿಗೆ ಆದದ್ದು ಕಾರಿನ ಬಾಗಿಲಿನಿಂದಲ್ಲ.

ರಿಪೇರಿಯ ಜೊತೆಗೆ ನಾನೂ ಆಗ ಒಂದು ವಾರಪತ್ರಿಕೆಗೆ ಚಿತ್ರ ತೆಗೆಯುತ್ತಿದ್ದೆ, ನಿನಗೆ ನೆನಪಿರಬಹುದು. ಆ ಕಾಲಕ್ಕೆ ಸಿಗುತ್ತಿದ್ದ ಲೆನ್ಸುಗಳಲ್ಲೆಲ್ಲ ಬೇಗದ್ದು ನನ್ನದು. ಒಂದು ಗಿರಣಿಯ ಮುಂದೆ ಒಬ್ಬ ಹೆಂಗಸಿನ ಕೂದಲು ಹಿಡಿದು ಎಳೆಯುತ್ತಿದ್ದವನ ಮುಖವನ್ನು ನಾಲ್ಕು ಹೆಜ್ಜೆಯಿಂದ ಹಿಡಿದೆ. ಕಣ್ಣಿನ ಕೆಂಪು ನರ ಕೂಡ ಸ್ಪಷ್ಟ. ಲೆನ್ಸು ಅಷ್ಟು ಬೇಗ ಇದ್ದದ್ದಕ್ಕೇ ಅಷ್ಟು ಹತ್ತಿರ ಹೋಗಿದ್ದೆ. ಅವನ ಕಡೆಯವರು ಕ್ಯಾಮೆರಾ ಕಿತ್ತುಕೊಳ್ಳಲಿಲ್ಲ. ನನ್ನ ಎಡಗೈಯನ್ನು ಪಾದಚಾರಿ ದಾರಿಯ ಕಲ್ಲಿನ ಅಂಚಿಗೆ ಹಾಸಿ, ಇಬ್ಬರು ಹಿಡಿದುಕೊಂಡರು. ಮೂರನೆಯವನು ಹಿಮ್ಮಡಿಯಿಂದ ಮೆಟ್ಟಿದ. ಒಂದೊಂದೇ ಬೆರಳು, ಅವಸರವಿಲ್ಲದೆ. “ಈಗ ನೀನೇ ತೆಗೆದು ಕೊಡು” ಎಂದ. ನಾನೇ ಫಿಲ್ಮು ಎಳೆದು ಬಿಸಿಲಿಗೆ ಹಿಡಿದು ಹಾಳುಮಾಡಿದೆ. ಬಲಗೈಯಿಂದ.

ಪೊಲೀಸರಿಗೆ ಬಾಗಿಲು ಎಂದೆ. ಅಮ್ಮನಿಗೂ ನಿನಗೂ ಅದನ್ನೇ ಹೇಳಿದೆ.

ನಿನಗೆ ನಿಧಾನದ್ದು ಕೊಡಿಸಿದರೆ ನಿನ್ನ ಚಿತ್ರಗಳು ಕೆಡುತ್ತವೆ, ನಿನ್ನನ್ನು ಹೂವಿನ ಪ್ರದರ್ಶನಕ್ಕೆ ಹಾಕುತ್ತಾರೆ, ಬೆರಳು ಹತ್ತೂ ಉಳಿಯುತ್ತವೆ ಎಂದುಕೊಂಡೆ. ನನ್ನ ತಮ್ಮನನ್ನು ಕೈಲಾಗದವನನ್ನಾಗಿ ಮಾಡಲು ಹೊರಟೆ. ನೀನೋ ಅದರಲ್ಲೇ ಒಂದು ದಾರಿ ಹುಡುಕಿ ಇನ್ನೂ ಹತ್ತಿರ ಹೋದೆ. ಆಗ ಹೆದರಿ ಬೇಲಿ ಎಂದೆ. ಬೇಲಿಯ ಹಿಂದೆ ಆ ಮೋಟಾರು ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಏನಾದರೂ ಬರಿ. ಬೈದಾದರೂ ಬರಿ.

ಅಕ್ಕ


ಮೇ 27, ಆಸ್ಪತ್ರೆ

ಅಕ್ಕ,

ಫೋನು ಎತ್ತದಿರಲು ಕಾರಣ, ನನ್ನ ಎರಡೂ ದವಡೆಗಳನ್ನು ತಂತಿ ಹಾಕಿ ಹೊಲಿದಿದ್ದಾರೆ. ಆರು ವಾರ ಮೌನವ್ರತ. ವಾರ್ಡಿನವರು ನನ್ನನ್ನು ‘ಮುನಿಗಳು’ ಎನ್ನುತ್ತಾರೆ. ನಳಿಗೆಯಲ್ಲಿ ಗಂಜಿ ಸೇವನೆ. ನಿನ್ನ ಕಾಗದ ನನ್ನ ಕೋಣೆಯಿಂದ ಇಲ್ಲಿಗೆ ಬರಲು ಹತ್ತು ದಿನ ಹಿಡಿಯಿತು. ಅದನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಸಿಟ್ಟು ಇನ್ನೂ ಇದೆ. ಆದರೆ ಯಾರ ಮೇಲೆ ಎಂದು ಮೊದಲಿನಷ್ಟು ಖಚಿತವಿಲ್ಲ.

ಅವತ್ತಿನದನ್ನು ಹೇಳಿಬಿಡುತ್ತೇನೆ. ಹತ್ತು ಗಂಟೆಗೆ ಗೇಟಿನ ಮುಂದೆ ಹೋಗಿ ನಿಂತೆ. ಮುಖಂಡ, “ಏನೋ ಬೇಕು” ಎಂದ. ನಾನು ಮದುವೆ ಫೋಟೊದವನ ಹಾಗೆ ಬಾಗಿ, “ನಿಮ್ಮದೊಂದು ಭಾವಚಿತ್ರ ಸಾರ್, ಹೋದ ಸಲದ್ದು ಸ್ವಲ್ಪ ಮಸುಕಾಗಿತ್ತು” ಎಂದೆ. ಅವನು ಎದ್ದು ಬಂದ. ಹತ್ತು ಹೆಜ್ಜೆ, ಎಂಟು, ಆಮೇಲೆ ಒಮ್ಮೆಗೇ ಮೈಮೇಲೆ. ಮೊದಲ ಏಟು ಹೆಗಲಿಗೆ ಬಿತ್ತು. ಒಳಗೆ ಒಣಗಿದ ಕೊಂಬೆ ಮುರಿದಂತಾಯಿತು. ಹಿಂದೆ ಹಿಂದೆ ಸರಿದು ಆರು ಹೆಜ್ಜೆ ಉಳಿಸಿಕೊಂಡೆ. ಅವನು ಪೈಪು ಎತ್ತಿದಾಗ, “ಗಲ್ಲ ಒಂಚೂರು ಮೇಲೆ ಸಾರ್, ನೆರಳು ಬೀಳ್ತಿದೆ” ಎಂದೆ. ನಾನು ಬಾಯಿಂದ ಆಡಿದ ಕಡೆಯ ಮಾತು ಅದು. ಒತ್ತಿದೆ. ಅವನು ನುಗ್ಗಿದ, ಪೈಪು ಬಂತು. ಹಲ್ಲುಗಳು ನಾಲಗೆಯ ಮೇಲೆ ಸಡಿಲವಾಗಿ ಉರುಳಾಡಿದ್ದು, ಉಪ್ಪುಪ್ಪಾಗಿ ಏನೋ ಗಂಟಲಿಗೆ ಇಳಿದದ್ದು ಗೊತ್ತಿದೆ. ಕ್ಯಾಮೆರಾದ ಮೇಲೆ ಬೋರಲು ಬಿದ್ದಿದ್ದೆನಂತೆ. ಮುಷ್ಕರದವರು ನುಗ್ಗಿ ನನ್ನನ್ನು ಎಳೆದುಕೊಂಡರು.

ಚಿತ್ರ ಬಂದಿದೆ. ಕಿವಿಯ ಕೂದಲು ಕೂಡ ಕಾಣುತ್ತದೆ. ಅವನನ್ನು ಹಿಡಿದರು. ಆದರೆ ನನಗೆ ಹೊಡೆದದ್ದಕ್ಕೆ. ಕ್ರೇನಿನವರನ್ನು ಕೊಂದದ್ದಕ್ಕೆ ಸಾಕ್ಷಿಯಾಗಿ ನಿಂತಿರುವವನು ನಾನೊಬ್ಬನೇ.

ನಿನ್ನೆ ನನ್ನ ಹೇಳಿಕೆ ತೆಗೆದುಕೊಳ್ಳಲು ಮ್ಯಾಜಿಸ್ಟ್ರೇಟರು ಎರಡೂ ಕಡೆಯ ವಕೀಲರೊಂದಿಗೆ ಹಾಸಿಗೆಯ ಬಳಿಗೇ ಬಂದಿದ್ದರು. ಅವನ ವಕೀಲರು ಬಲು ಮೃದು ಮನುಷ್ಯ, ನನ್ನ ದಿಂಬು ಸರಿಮಾಡಿದರು. ಆಮೇಲೆ ಕೇಳಿದರು: “ಕ್ಯಾಮೆರಾದ ಕಿಂಡಿಯಲ್ಲಿ ನಿಮಗೆ ಕಾಣೋದು ಲೆನ್ಸಿನ ಮೂಲಕ ತಾನೆ? ಆ ಹೊತ್ತಿಡೀ ಕಣ್ಣು ಕಿಂಡಿಯಲ್ಲೇ ಇತ್ತು ಅಂತೀರಿ. ಹನ್ನೊಂದು ಚಿತ್ರದಲ್ಲೂ ಲೆನ್ಸಿಗೆ ಮುಖ ಕಂಡಿಲ್ಲ. ಲೆನ್ಸಿಗೆ ಕಾಣದ ಮುಖ ನಿಮಗೆ ಹೇಗಪ್ಪಾ ಕಾಣ್ತು?”

ಹಲಗೆಯ ಮೇಲೆ ‘ಕಂಡಿತು’ ಎಂದು ಬರೆದೆ. ಅವರು ನಯವಾಗಿ ಒರೆಸಿ ವಾಪಸ್ಸು ಕೊಟ್ಟರು. ನನಗೆ ಉತ್ತರ ಗೊತ್ತಿಲ್ಲ ಅಕ್ಕ. ಕಂಡದ್ದು ನಿಜ. ಹೇಗೆ ಎಂದು ನನಗೇ ತಿಳಿಯದು. ಜೂನ್ 20ಕ್ಕೆ ವಿಚಾರಣೆ. ಇದಕ್ಕೆ ಉತ್ತರವಿಲ್ಲದಿದ್ದರೆ ಕೊಲೆಯ ಆರೋಪ ಬಿದ್ದುಹೋಗುತ್ತದಂತೆ. ಅವನು ನನ್ನ ದವಡೆಗೆ ಮಾತ್ರ ಶಿಕ್ಷೆ ಅನುಭವಿಸಿ ಬರುತ್ತಾನೆ. ಸತ್ತವರ ಹೆಂಡತಿ ದಿನಾ ಬಂದು ಈ ಹಾಸಿಗೆಯ ಕಾಲಬಳಿ ಕೂರುತ್ತಾರೆ.

ನಿನ್ನನ್ನು ಬಾ ಎನ್ನುತ್ತಿಲ್ಲ. ಅಂಥವನೊಬ್ಬನ ಎದುರು ಹೋಗಿ ನಿಲ್ಲು ಎನ್ನುವ ಹಕ್ಕು, ನಿನ್ನ ಕಾಗದ ಓದಿದ ಮೇಲೆ ನನಗಿಲ್ಲ. ಉತ್ತರ ಗೊತ್ತಿದ್ದರೆ ಬರೆದು ಕಳಿಸು ಸಾಕು.

ಕಪಿ


ಜೂನ್ 1

ಕಪಿ,

ಬರೆದು ಕಳಿಸಿದರೆ ಆಗುವುದಿಲ್ಲ, ತೋರಿಸಬೇಕು.

ನಿನ್ನ ಲೆನ್ಸಿನಂಥದ್ದೇ ಒಂದು ನನ್ನ ಕಪಾಟಿನಲ್ಲಿತ್ತು. ಕ್ಯಾಮೆರಾಕ್ಕೆ ಹಾಕಿ, ಮುಂದೆ ತಂತಿಬೇಲಿಯ ತುಂಡು ನಿಲ್ಲಿಸಿ, ಎರಡು ದಿನ ಕಿಂಡಿಯಲ್ಲಿ ಕಣ್ಣಿಟ್ಟು ಕೂತೆ. ಮೋಟಾರು ಹತ್ತಿರದ ಬೇಲಿಗೂ ದೂರಕ್ಕೂ ಓಡಾಡುವಾಗ, ಪ್ರತಿ ಸಲ ನಡುವೆ ಮನುಷ್ಯ ನಿಂತ ಜಾಗವನ್ನು ಹಾದೇ ಹೋಗಬೇಕು. ಹಾದು ಹೋಗುವ ಆ ಗಳಿಗೆಯಲ್ಲಿ ಮುಖ ನಿಚ್ಚಳ. ಕ್ಯಾಮೆರಾ ಆಗ ಚಿತ್ರ ತೆಗೆಯುವುದಿಲ್ಲ, ಅದಿನ್ನೂ ಹುಡುಕುತ್ತಿರುತ್ತದೆ. ಕಣ್ಣಿಗೆ ಅಂಥ ನಿಯಮವಿಲ್ಲ. ಬೇಗದ ಲೆನ್ಸಿನಲ್ಲಿ ಅದು ಸರ್‍ರನೆ ಕಳೆದುಹೋಗುತ್ತದೆ, ಏನೂ ಗುರುತು ಸಿಗದು. ನಿಧಾನದ್ದರಲ್ಲಿ ಮುಖ ಏಳುತ್ತದೆ, ಒಂದು ಚೂರು ನಿಲ್ಲುತ್ತದೆ, ಮುಳುಗುತ್ತದೆ. ಹನ್ನೊಂದು ಚಿತ್ರಕ್ಕೆ ಕಡಿಮೆಯೆಂದರೂ ಇಪ್ಪತ್ತು ಸಲ ನೀನು ಅವನನ್ನು ನೋಡಿದ್ದೀಯ. ಚಿತ್ರ ತಪ್ಪಿಸಿದ ಲೆನ್ಸೇ ನಿನ್ನ ಕಣ್ಣಿಗೆ ಅವನನ್ನು ಅಷ್ಟು ಸಲ ತೋರಿಸಿದೆ.

ನಿನ್ನ ಸರ್ಕಾರಿ ವಕೀಲರಿಗೆ ಫೋನು ಮಾಡಿ ನನ್ನ ಹೆಸರು ಬರೆಸಿದ್ದೇನೆ. ಆ ಮೃದು ಮನುಷ್ಯ ನನ್ನನ್ನೂ ಕೇಳುತ್ತಾನೆ, ಇಷ್ಟು ನಿಧಾನದ್ದನ್ನು ಯಾಕೆ ಕೊಡಿಸಿದಿರಿ ಎಂದು. ಹೇಳುತ್ತೇನೆ. ಕೈ ಯಾಕೆ ಹೀಗಿದೆ ಎಂದರೆ ಅದನ್ನೂ. ನಿನ್ನೆಯಿಂದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ‘ಮೆಟ್ಟಿದರು’ ಎನ್ನಬೇಕಾದ ಕಡೆ ನಾಲಗೆ ತಾನಾಗಿ ‘ಬಾಗಿಲು’ ಎನ್ನುತ್ತದೆ. ಹತ್ತೊಂಬತ್ತು ದಿನ ಇದೆ, ಸರಿಹೋಗುತ್ತದೆ.

ಬೇಲಿಯ ತುಂಡನ್ನು ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ನ್ಯಾಯಾಧೀಶರನ್ನೇ ಕರೆದು ಕಿಂಡಿಯಲ್ಲಿ ಕಣ್ಣಿಡಿ ಎನ್ನುತ್ತೇನೆ. ಆಗ ಬೇಲಿಯ ಆಚೆ, ನಲವತ್ತು ಹೆಜ್ಜೆ ದೂರದಲ್ಲಿ, ಯಾರಾದರೊಬ್ಬರು ನಿಲ್ಲಬೇಕಾಗುತ್ತದಲ್ಲ. ಆ ಮುಖಂಡನನ್ನೇ ನಿಲ್ಲಿಸಿ ಎಂದು ಕೇಳುತ್ತೇನೆ.

ಅಕ್ಕ